ಹದಿನೇಳನೇ ಟ್ಯೂಬು

ಕೌದಿಯ ಮೂಲೆಯಲ್ಲಿ ನಾಲ್ಕು ಪದರ ಕೂಡಿದ ಕಡೆ ಸೂಜಿ ದಾಟಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ. ಅದು ಜಾರಿ ನನ್ನ ತೋರುಬೆರಳಿನ ತುದಿಗೆ ಇಳಿಯಿತು. ಒಂದು ಹನಿ ರಕ್ತ ಬಂತು. ಒರೆಸಿದೆ. ಇನ್ನೊಂದು ಬಂತು. ಮನಸ್ಸಿನಲ್ಲೇ ಎಣಿಸತೊಡಗಿದೆ. ನಲವತ್ತು ಎಣಿಸುವುದರೊಳಗೆ ಬೆರಳು ಒಣಗಿತ್ತು. ನನ್ನ ರಕ್ತ ಇಷ್ಟು ಬೇಗ ನಿಲ್ಲುವುದನ್ನು ನೋಡಿದರೆ ಈಚೆಗೆ ನನಗೆ ನಾಚಿಕೆಯಾಗುತ್ತದೆ.

ಎದುರಿಗೆ ಗೋಡೆಗೆ ಒರಗಿ ಕುಳಿತಿದ್ದ ಮೊಮ್ಮಗಳು ನಿಷತ ದವಡೆಯಲ್ಲಿ ಹತ್ತಿ ಕಚ್ಚಿಕೊಂಡಿದ್ದಳು. ಅವಳು ಎಂಟು ತಿಂಗಳ ಬಸುರಿ. ಹೆರಿಗೆಗೆಂದು ಸಿಂದಗಿಗೆ, ನಮ್ಮ ಮನೆಗೆ ಬಂದವಳು. ಹಲ್ಲಿಗೆ ಕೀವು ತುಂಬಿ ಮುಖ ಬಾತಿದ್ದರಿಂದ ನಿನ್ನೆ ಹನ್ನೊಂದು ಗಂಟೆಗೆ ಅದನ್ನು ಕೀಳಿಸಿದ್ದೆವು. ಇವತ್ತು ಮತ್ತೆ ಹನ್ನೊಂದಾಗಲು ಬಂದಿತ್ತು. ಹತ್ತಿ ಇನ್ನೂ ಕೆಂಪಾಗುತ್ತಲೇ ಇತ್ತು.

“ಹತ್ತಿ ಮುಗಿಯಾಕ ಬಂತು ನಾನಿ,” ಎಂದಳು, ಉಂಡೆಯನ್ನು ಡಬ್ಬಿಗೆ ಉಗುಳಿ. “ಇನ್ನ ನಿನ್ನ ಕೌದಿನ ಕಚ್ಚೋದು.”

ಒಳಗಿನಿಂದ ಗುಲನಾಜ ಬಟ್ಟೆಯಲ್ಲಿ ಬರ್ಫದ ಗಡ್ಡೆ ಸುತ್ತಿಕೊಂಡು ಬಂದಳು. ನಿಷತಳ ತಾಯಿ, ನನ್ನ ಮಗಳು. ಮಗಳು ಎಂದು ಬರೆಯುವಾಗ ಈಗಲೂ ಕೈ ತಡೆಯುವುದಿಲ್ಲ.

“ಬಾಯಿ ಮುಚಗೊಂಡು ಕುಂದ್ರು. ಮಾತಾಡಿದಷ್ಟೂ ಬರ್ತೈತಿ,” ಎಂದು ಗದರಿ, ಬರ್ಫವನ್ನು ಮಗಳ ಕೆನ್ನೆಗೆ ಹಿಡಿದಳು. “ನಿನಗ ನಮ್ಮವ್ವನ ರಕ್ತ ಬಂದಿದ್ರ ಚಲೋ ಇತ್ತು ನೋಡು. ಒಂದ ದಿನಕ್ಕ ನಾಕ ಹಲ್ಲ ಕಿತ್ತ್ರು. ಸಂಜಿಗೆ ರೊಟ್ಟಿ ಮುರಕೊಂಡು ತಿಂದ್ಲು.”

ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ದಾರ ಆಗಲೇ ಪೋಣಿಸಿಯಾಗಿತ್ತು.

ಗುಲನಾಜಳಿಗೆ ಚಿಕ್ಕಂದಿನಿಂದಲೂ ಹೀಗೆಯೇ. ಕಿವಿ ಚುಚ್ಚಿಸಿದರೆ ಎರಡು ದಿನ ಹನಿಯುತ್ತಿತ್ತು. ನಿಷತಳನ್ನು ಮನೆಯಲ್ಲೇ ಹೆತ್ತಾಗ ವಿಜಯಪುರದ ದವಾಖಾನೆಗೆ ಒಯ್ದೆವು; ಅಲ್ಲಿ ಆರು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಯಾರಿಗೂ ಕಾರಣ ತಿಳಿಯಲಿಲ್ಲ. ರಕ್ತದ ಕಣ ಎಣಿಸಿದರೆ ಎಲ್ಲವೂ ಲೆಕ್ಕಕ್ಕೆ ಸರಿಯಾಗಿರುತ್ತಿತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ. ಸೂಲಗಿತ್ತಿಯ ತಪ್ಪು ಎಂದು ನಾವೇ ತೀರ್ಮಾನಿಸಿಕೊಂಡೆವು.

ಎರಡು ವರ್ಷದ ಹಿಂದೆ, ಆ ದವಾಖಾನೆಯ ಹಳೆಯ ದಾಖಲೆ ಹಿಡಿದು, ಸುನಂದಾ ಎಂಬ ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಬಸವನ ಬಾಗೇವಾಡಿಯವಳು, ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಇಂಥದ್ದೇ ಕಾಯಿಲೆಯ ಮೇಲೆ ಓದುತ್ತಿದ್ದಳು. ಅಡುಗೆಮನೆಯಲ್ಲಿ ಚಕ್ಕಳ ಬಕ್ಕಳ ಹಾಕಿ ಕುಳಿತು, ಚಹಾ ಕುಡಿಯುತ್ತ ಹೇಳಿದ್ದು ನನಗೆ ಇನ್ನೂ ನೆನಪಿದೆ.

“ಅಜ್ಜಿ, ಡೆಂಗಿ ಬಂದಾಗ ಪ್ಲೇಟ್‌ಲೆಟ್ ಎಣಸ್ತಾರಲ್ರಿ, ಗಾಯ ಆದಾಗ ರಕ್ತ ನಿಲ್ಲಸಾಕ ಓಡಿ ಬರೋವು ಅವ. ಅವಕ್ಕ ಸುದ್ದಿ ಮುಟ್ಟಸೋದು ಥ್ರಾಂಬಿನ್ ಅಂತ ಒಂದ ಕಿಣ್ವ. ಪ್ಲೇಟ್‌ಲೆಟ್ ಮೈಮ್ಯಾಲೆ ಒಂದ ಬಾಗಲಾ ಇರ್ತೈತ್ರಿ, ಗ್ರಾಹಕ ಅಂತೇವಿ ನಾವು. ಬ್ಯಾರೆ ಬಾಗಲಕ್ಕ ಹೊರಗಿಂದ ಯಾರರೆ ಕೀಲಿ ತರಬೇಕು. ಈ ಬಾಗಲದ ಕೀಲಿ ಅದರ ಸೆರಗಿನಾಗ ಗಂಟ ಹಾಕಿರ್ತೈತಿ. ಥ್ರಾಂಬಿನ್ ಅಂದ್ರ ಬರೇ ಕತ್ತರಿ. ಸೆರಗಿನ ತುದಿ ಕತ್ತರಸ್ತೈತಿ, ಕೀಲಿ ಹೊರಗ ಬರ್ತೈತಿ, ತಾನ ಬಾಗಿ ತನ್ನ ಬೀಗದಾಗ ಹೊಕ್ಕತೈತಿ.”

“ನಮ್ಮವ್ವನಂಗ,” ಎಂದು ಗುಲನಾಜ ನಕ್ಕಿದ್ದಳು. “ಕೀಲಿ ಸೊಂಟದಾಗ ಇರ್ತೈತಿ, ಮನಿಯೆಲ್ಲಾ ಹುಡಕ್ಯಾಡ್ತಾಳ.”

“ಅಕ್ಕಾರ ರಕ್ತದಾಗಿಂದ ಆ ಬಾಗಲಾ ಮಾಡೋ ಜೀನು ನಕಲ ಮಾಡ್ತೇವ್ರಿ. ಅಂಥಾ ಬಾಗಲಾನ ಇಲ್ಲದ ಜೀವಕೋಶದಾಗ ಅದನ್ನ ಹಾಕಿ, ಮ್ಯಾಲೆ ಥ್ರಾಂಬಿನ್ ಬಿಡ್ತೇವಿ. ಬಾಗಲಾ ತಗದ್ರ ಮಷೀನಿನಾಗ ಹಸರ ಬೆಳಕ ಕಾಣ್ತೈತಿ,” ಎಂದಳು ಸುನಂದಾ, ಗುಲನಾಜಳ ಕಡೆ ಕೈ ಮಾಡಿ.

“ಬ್ಯಾರೆಯವರ ಹಾಲಿಗೆ ನಮ್ಮ ಮನಿ ಹೆಪ್ಪು ಹಾಕಿದಂಗ?” ಎಂದು ನಾನು ಕೇಳಿದೆ.

“ಅಗದಿ ಹಂಗ್ರಿ ಅಜ್ಜಿ! ಮೊಸರ ಆತಂದ್ರ ಹೆಪ್ಪು ಚಲೋ ಐತಿ. ಆಗಲಿಲ್ಲಂದ್ರ—”

“ಗೌಳಿ ಜೋಡಿ ಜಗಳಾ,” ಎಂದಳು ಗುಲನಾಜ.

ಆ ನಗುವಿನ ನಡುವೆಯೇ ಸುನಂದಾ ಎರಡು ಟ್ಯೂಬು ರಕ್ತ ತೆಗೆದುಕೊಂಡಳು. ಗುಲನಾಜಳದು ಹದಿನಾರು, ನನ್ನದು ಹದಿನೇಳು. ಅಂಕಿಗಳನ್ನು ತಾನೇ ಬರೆದು ಅಂಟಿಸಿದಳು. ಆಮೇಲೆ ಕಾಗದ ಮುಂದಿಟ್ಟುಕೊಂಡು ಕೇಳಿದಳು: “ಇವರು ನಿಮ್ಮ ಹೆತ್ತ ಮಗಳ ಹೌದಲ್ರಿ?”

“ಮತ್ಯಾರ ಮಗಳು?” ಎಂದೆ.

ಇಷ್ಟೇ ನಾನು ಮಾಡಿದ್ದು. ನಲವತ್ನಾಲ್ಕು ವರ್ಷದಿಂದ ಕೇಳಿದವರಿಗೆಲ್ಲ ಹೇಳಿದ ಮಾತನ್ನು ಅವಳಿಗೂ ಹೇಳಿದೆ.

ನಾಲ್ಕು ತಿಂಗಳ ಹಿಂದೆ ನನ್ನ ಹೆಸರಿಗೆ ಅವಳ ಪತ್ರ ಬಂತು. ನಾನು ಓದು ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಸಾಲೆಯಲ್ಲಿ. ನಿಧಾನವಾಗಿ, ಒಂದೊಂದು ಸಾಲನ್ನು ಎರಡು ಸಲ ಓದುತ್ತೇನೆ. ಅದನ್ನು ಮೂರು ಸಲ ಓದಿದೆ.

ಹದಿನಾರನೇ ಟ್ಯೂಬಿನ ಜೀನು ಹಾಕಿದ ಜೀವಕೋಶಗಳಲ್ಲಿ ಥ್ರಾಂಬಿನ್ ಬಿಟ್ಟರೂ ಬೆಳಕು ಬರಲಿಲ್ಲ. ಬಾಗಿಲು ತನ್ನ ಜಾಗದಲ್ಲೇ ಇತ್ತು. ಕೀಲಿಯಷ್ಟನ್ನೇ ಬೇರೆ ತಯಾರಿಸಿ ಹೊರಗಿನಿಂದ ಕೊಟ್ಟರೆ ಬೆಳಗಿತು. ಅಂದರೆ ಬೀಗ ಸರಿ ಇದೆ, ಕತ್ತರಿ ಬೀಳಬೇಕಾದ ಜಾಗ ಮಾತ್ರ ಕೆಟ್ಟಿದೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ. ಹದಿನಾರರಲ್ಲಿ ಎರಡೂ ಕೆಟ್ಟಿವೆ. ಹಾಗಾದರೆ ತಾಯಿಯಲ್ಲಿ ಒಂದಾದರೂ ಕೆಟ್ಟಿರಲೇಬೇಕು. ಹದಿನೇಳರಲ್ಲಿ ಎರಡೂ ಸರಿಯಾಗಿವೆ. “ಆ ದಿನ ಟ್ಯೂಬುಗಳು ಅದಲುಬದಲಾದವೇ, ಅಥವಾ ಮನೆತನದ ವಿವರವನ್ನು ನಾನು ತಪ್ಪಾಗಿ ಬರೆದುಕೊಂಡೆನೇ? ಇದು ಇತ್ಯರ್ಥವಾಗುವವರೆಗೆ ಯಾವ ಡಾಕ್ಟರಿಗೂ ನಾವು ವರದಿ ಕೊಡುವಂತಿಲ್ಲ. ಜೊತೆಗಿಟ್ಟ ಕಾಗದದಲ್ಲಿ ಸರಿಯಾದದ್ದನ್ನು ಬರೆದು ಇಬ್ಬರೂ ಸಹಿ ಮಾಡಿ ಕಳಿಸಿ. ಫೋನಿನ ಫೋಟೊ ನಡೆಯುವುದಿಲ್ಲ.” ವಿಳಾಸ ಬರೆದ ಲಕೋಟೆಯೂ ಒಳಗಿತ್ತು.

ಅದನ್ನೆಲ್ಲ ಮಡಚಿ ಟ್ರಂಕಿನ ತಳದ ಹಾಳೆಯ ಕೆಳಗೆ ಇಟ್ಟೆ. ಗುಲನಾಜ ಕೇಳಿದಾಗ, “ಏನೂ ಸಿಕ್ಕಿಲ್ಲಂತ, ಉಪಕಾರ ಆತು ಅಂತ ಬರದಾಳ,” ಎಂದೆ. ಸುನಂದಾ ಎರಡು ಸಲ ಫೋನು ಮಾಡಿದಳು. ಒಮ್ಮೆ ಮೊಣಕಾಲು ನೋವು ಎಂದೆ. ಇನ್ನೊಮ್ಮೆ ಅವಳೇ, “ನನ್ನ ಕೈಲೇನ ತಪ್ಪಾಗೈತಿ ಅಂತಾರ್ರಿ ನಮ್ಮ ಸರ್. ಎರಡ ವರ್ಷದ ಕೆಲಸಾ ಅಜ್ಜಿ,” ಎಂದು ಅಳುವ ದನಿಯಲ್ಲಿ ಹೇಳಿದಳು.

“ತಪ್ಪು ಯಾರ ಕೈಲೂ ಆಗ್ತೈತಿ ಬಿಡವ್ವಾ,” ಎಂದು ಸಮಾಧಾನ ಹೇಳಿದೆ. ಸಮಾಧಾನ ಹೇಳಿದೆ!

ಬೆರಳಿಗೆ ಸೂಜಿ ಚುಚ್ಚಿಕೊಂಡ ಆ ದಿನವೇ ಮಧ್ಯಾಹ್ನ ನಿಷತಳನ್ನು ಬಸುರಿಯರನ್ನು ನೋಡುವ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಹತ್ತಿ ಬದಲಿಸಿ, ಬಾಯಿಗೆ ದೀಪ ಹಿಡಿದು ನೋಡಿ, ಅವರು ಗುಲನಾಜಳ ಕಡೆ ತಿರುಗಿದರು.

“ರಕ್ತದ ಎಣಿಕಿ ಎಲ್ಲಾ ಸರಿ ಐತ್ರಿ. ಆದ್ರ ನಿಮ್ಮ ಹೆರಿಗಿಯಾಗೂ ಭಾಳ ರಕ್ತ ಹೋಗಿತ್ತಂದ್ರಿ. ಏನೋ ಹೈದರಾಬಾದಿನ ಪರೀಕ್ಷಾ ನಡದಿತ್ತಲ್ಲ, ಏನಾತು?”

“ಅದರಾಗ ಏನೂ ಸಿಕ್ಕಿಲ್ಲಂತ್ರಿ ಮ್ಯಾಡಮ್. ನಮ್ಮವ್ವನ ರಕ್ತಾನೂ ನೋಡ್ಯಾರ. ಆಕಿದು ಗಟ್ಟಿ ಐತಿ. ಮನೆತನದಾಗ ಇದ್ದದ್ದಲ್ರಿ ಇದು.”

“ಹಂಗಾದ್ರ ಇಲ್ಲೇ ಮಾಡೋಣ್ರಿ. ಲ್ಯಾಬಿನವ್ರು ಹೌದಂತ ಬರದಿದ್ರ ವಿಜಯಪುರಕ್ಕ ಕಳಸ್ತಿದ್ದೆ. ಅಲ್ಲಿ ಪ್ಲೇಟ್‌ಲೆಟ್ ತಯಾರ ಇಟಗೊಂಡ ಕೈಹಾಕಬೇಕಾಗ್ತಿತ್ತು. ಕೂಸಿಗೂ ಹುಟ್ಟಿದ ಕೂಡ್ಲೆ ನೋಡಬೇಕಾಗ್ತಿತ್ತು.” ನನ್ನ ಕಡೆ ನೋಡಿ ನಕ್ಕರು. “ಅಜ್ಜಿ ಗಟ್ಟಿ ಇದ್ರ ಅರ್ಧ ಚಿಂತಿ ಕಮ್ಮಿ.”

ಬಾಯಿ ತೆರೆದೆ. ಮತ್ತೆ ಮುಚ್ಚಿ ಎದ್ದೆ. ನಿಷತ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲು ಇಳಿದಳು. ಅವಳ ಬೆರಳು ತಣ್ಣಗಿದ್ದವು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲವಂತೆ ಎಂದು ಸುಳ್ಳು ಹೇಳಿ ಮೋರಟಗಿಯ ಬಸ್ಸು ಹತ್ತಿದೆ. ಅಕ್ಕ ಹುಸೇನಬಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ನಿಷತಳ ಗಂಡ ಜಹೀರ ಅವಳ ಮೊಮ್ಮಗ, ಮಗನ ಮಗ. ಅವನು ಹೊಲಕ್ಕೆ ಹೋಗಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಏನ ಲಾಲಬಿ, ಹಾದಿ ತಪ್ಪಿ ಬಂದಿಯೇನ?” ಎಂದಳು ಮೊರ ಕೆಳಗಿಡದೆ. “ಸಿಂದಗಿಯವರಿಗೆ ನಮ್ಮ ಊರಿನ ಧೂಳ ಆಗಂಗಿಲ್ಲಲ್ಲ.”

ನಾನು ಪೀಠಿಕೆ ಇಲ್ಲದೆ ಎಲ್ಲವನ್ನೂ ಹೇಳಿದೆ: ಟ್ಯೂಬು, ಪತ್ರ, ಹಲ್ಲು, ಡಾಕ್ಟರು. ಅಕ್ಕನ ಕೈಯಲ್ಲಿ ಮೊರ ನಿಂತಿತು.

ನಲವತ್ತಾರು ವರ್ಷದ ಹಿಂದೆ ಇದೇ ಅಂಗಳದಲ್ಲಿ ಅವಳು ಒಂಬತ್ತು ದಿನದ ಕೂಸು ಗುಲನಾಜಳನ್ನು ನನ್ನ ಉಡಿಯಲ್ಲಿ ಹಾಕಿದ್ದಳು. ನನಗೆ ಮಕ್ಕಳಿರಲಿಲ್ಲ ಎಂಬುದು ಊರಿಗೆ ಹೇಳಿದ ಕಾರಣ. ಒಳಗಿನ ಕಾರಣ ಬೇರೆ. ಹಿರಿಯ ಮಗನೊಬ್ಬ ಉಳಿದಿದ್ದ, ಅವನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಹೊಕ್ಕಳಿನಿಂದ ರಕ್ತ ಸೋರಿ ಹೋಗಿದ್ದವು. ಆಮೇಲೆ ಹುಟ್ಟಿದ ಇದಕ್ಕೂ ಸೋರತೊಡಗಿದಾಗ, ತಾಯಿ ಬದಲಾದರೆ ಹಣೆಬರಹ ಬದಲಾಗುತ್ತದೆ ಎಂದು ಹಿರಿಯರು ಹೇಳಿದರು. ಹೆತ್ತವಳು ಮುಷ್ಟಿಯಲ್ಲಿ ಜೋಳದ ಕಾಳು ಹಿಡಿದು, ಇದು ಇನ್ನು ನನ್ನದಲ್ಲ, ನನ್ನದೆಂದು ಬಾಯಲ್ಲಿ ತರುವುದಿಲ್ಲ, ಕೈಯಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ಆ ಕಾಳನ್ನು ಕೂಸಿನ ಜೊತೆಗೆ ಉಡಿಗೆ ಸುರಿಯಬೇಕು. ಸುರಿದಳು. ನಾನೂ ನನ್ನ ಯಜಮಾನರು ಬಂದಗಿಸಾಬರೂ ಮಾರನೆಯ ದಿನವೇ ಕೂಸನ್ನು ಎತ್ತಿಕೊಂಡು ಗೊಳಸಂಗಿಗೆ ದುಡಿಯಲು ಹೋದೆವು. ಐದು ವರ್ಷ ಬಿಟ್ಟು ಸಿಂದಗಿಗೆ ಬರುವಾಗ ಅವಳು ನಮ್ಮ ಮಗಳೇ ಆಗಿದ್ದಳು. ಬಲ್ಲವರೆಲ್ಲ ಒಬ್ಬೊಬ್ಬರಾಗಿ ತೀರಿಹೋದರು. ಉಳಿದವರು ನಾವಿಬ್ಬರೇ. ನಿಷತಳನ್ನು ಜಹೀರನಿಗೆ ಕೊಡುವಾಗ, ದೂರದ ನೆಂಟಸ್ತನ ಹತ್ತಿರವಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಅದು ಎಷ್ಟು ಹತ್ತಿರ ಎಂಬುದು ನಮಗಿಬ್ಬರಿಗೇ ಗೊತ್ತಿತ್ತು. ಧರ್ಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಸುಮ್ಮನಿದ್ದೆವು. ರಕ್ತದ ಲೆಕ್ಕ ನಮಗೆ ತಿಳಿದಿರಲಿಲ್ಲ.

“ಅಂದ್ರ ಹುಟ್ಟೋ ಕೂಸಿಗೆ ಎರಡೂ ಕಡಿಯಿಂದ ಬರಬಹುದು?” ಎಂದು ಅಕ್ಕ ಮೆಲ್ಲಗೆ ಕೇಳಿದಳು.

“ಬರಬಹುದು. ಜಹೀರನ ರಕ್ತಾ ನೋಡದ ಗೊತ್ತಾಗಂಗಿಲ್ಲ. ಸಂಬಂಧ ಗೊತ್ತಿಲ್ಲದ ಅವರು ಆತನ್ನ ಕೇಳೂ ಇಲ್ಲ.”

“ಹೊಕ್ಕಳದಿಂದ...” ಎಂದು ಅಕ್ಕ ಅಷ್ಟಕ್ಕೇ ನಿಲ್ಲಿಸಿದಳು.

“ನಿನ್ನ ಆಣಿ ಬಿಡಸು ಅಕ್ಕಾ. ಅದಕ್ಕ ಬಂದೇನಿ. ಆ ಆಣಿಗೆ ಅಂಜಿ ನಾಕ ತಿಂಗಳು ಸುಮ್ಮನ ಕುಂತೆ.”

ಅಕ್ಕ ತಲೆಯೆತ್ತಿ ನನ್ನನ್ನೇ ನೋಡಿದಳು. ಚಿಕ್ಕಂದಿನಲ್ಲಿ ನಾನು ಬೆಲ್ಲ ಕದ್ದಾಗ ನೋಡುತ್ತಿದ್ದ ನೋಟ ಅದು.

“ಕಾಳ ಹಿಡದಾಕಿ ನಾನು. ನೀ ಯಾವಾಗ ಹಿಡದಿ?”

ನಾನು ಮೊರದಲ್ಲಿನ ತೊಗರಿಯನ್ನು ನೋಡಿದೆ.

“ಹೇಳ. ನಿನ್ನ ಕೈಯಾಗ ಯಾರ ಕಾಳ ಕೊಟ್ಟಿದ್ರು? ಆಣಿ ಕೊಟ್ಟಾಕಿಗೆ. ತಗೊಂಡಾಕಿಗೆ ಎಲ್ಲಿ ಆಣಿ? ನೀ ಬಾಯಿ ಮುಚಗೊಂಡದ್ದು ನನ್ನ ಆಣಿಗಲ್ಲ ಲಾಲಬಿ, ನಿನ್ನ ಅಂಜಿಕಿಗೆ. ಎಲ್ಲಿ ಆಕಿ ನಿನ್ನ ಬಿಟ್ಟ ನನ್ನ ಕಡೆ ಬರ್ತಾಳೋ ಅಂತ.”

ತೊಗರಿಯ ಹೊಟ್ಟು ಗಾಳಿಗೆ ಹಾರಿ ನನ್ನ ಮೊಣಕಾಲ ಮೇಲೆ ಬಂದು ಬಿತ್ತು. ಕೊಡವಲಿಲ್ಲ.

“ನಾ ಹೇಳಂಗಿಲ್ಲ,” ಎಂದಳು ಅಕ್ಕ, ಮೊರವನ್ನು ಮತ್ತೆ ಆಡಿಸುತ್ತ. “ಸಾಯೂತನಕಾ ಹೇಳಂಗಿಲ್ಲ. ಆದ್ರ ತೋಳ ಕೊಡ್ತೇನಿ. ಆ ಹುಡಿಗಿಗೆ ಬಂದು ಸೂಜಿ ಚುಚ್ಚಾಕ ಹೇಳು. ರಕ್ತ ಹೇಳಿದ್ರ ಅದು ನನ್ನ ಬಾಯಿ ಅಲ್ಲ.” ಎರಡು ಸಲ ಕೇರಿ, “ಹೊತ್ತ ಮುಳುಗೂದ್ರಾಗ ಮನಿ ಮುಟ್ಟು. ಹಲ್ಲಿನ ರಕ್ತ ನಿಂತತಿಲ್ಲೊ ಫೋನ್ ಮಾಡ್ಸು,” ಎಂದಳು.

ಮನೆ ಮುಟ್ಟಿದಾಗಲೂ ನಿಂತಿರಲಿಲ್ಲ. ಕಡಿಮೆಯಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಗುಲನಾಜ ರೊಟ್ಟಿ ಬಡಿಯುತ್ತಿದ್ದಳು. ಟ್ರಂಕಿನ ತಳದಿಂದ ಪತ್ರ ತೆಗೆದೆ. ಅದರ ಜೊತೆಗಿದ್ದ ಕಾಗದದಲ್ಲಿ ಬೆಳಗಿನ ನಮಾಜು ಮುಗಿದ ಮೇಲೆ ನಾನು ಬರೆದದ್ದು ಇತ್ತು. ಎರಡನ್ನೂ ಹಿಟ್ಟಿನ ಪರಾತದ ಪಕ್ಕದಲ್ಲಿಟ್ಟು, “ಓದು,” ಎಂದೆ. ಒಲೆಯ ಪಕ್ಕದಲ್ಲೇ ಕುಳಿತೆ.

ನಾನು ಬರೆದದ್ದು ಇಷ್ಟು:

“ಸುನಂದಾ, ಟ್ಯೂಬು ಬದಲಾಗಿಲ್ಲ. ನಿನ್ನ ಕೈ ತಪ್ಪಿಲ್ಲ. ನಾನು ಸುಳ್ಳು ಹೇಳಿದೆ. ಹದಿನಾರನೇ ಟ್ಯೂಬಿನ ಗುಲನಾಜಳನ್ನು ಹೆತ್ತವಳು ನನ್ನ ಅಕ್ಕ, ಮೋರಟಗಿಯ ಹುಸೇನಬಿ. ನಾನು ಸಾಕಿದವಳು. ಅಕ್ಕನ ಎರಡು ಕೂಸುಗಳು ಹೊಕ್ಕಳಿನಿಂದ ರಕ್ತ ಹೋಗಿ ತೀರಿಕೊಂಡಿವೆ. ಗುಲನಾಜಳ ಅಳಿಯ ಜಹೀರ ಅದೇ ಅಕ್ಕನ ಮೊಮ್ಮಗ. ನಿಷತಳಿಗೆ ದಿನ ತುಂಬಲು ಐದು ವಾರ ಉಳಿದಿದೆ. ಬೇಗ ಬಾ.”

ಗುಲನಾಜ ಹಿಟ್ಟಿನ ಕೈಯಲ್ಲೇ ಹಾಳೆ ಹಿಡಿದು ಓದಿದಳು. ಮೊದಲು ನನ್ನದನ್ನು, ಆಮೇಲೆ ಸುನಂದಾಳದನ್ನು, ಮತ್ತೆ ನನ್ನದನ್ನು. ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕಪ್ಪಾಗಿ ಹೊಗೆಯಾಡತೊಡಗಿತು. ನಾನು ತೆಗೆಯಲು ಕೈ ಚಾಚಿದೆ.

“ಇರಲಿ ಬಿಡು,” ಎಂದಳು.

ಕೈ ಹಿಂದೆಗೆದುಕೊಂಡೆ.

“ನಾಕ ತಿಂಗಳು,” ಎಂದಳು. “ಇದರ ಮ್ಯಾಲಿನ ತಾರೀಖ ನೋಡಿದೆ. ನಾಕ ತಿಂಗಳು ಇದು ಈ ಮನ್ಯಾಗ ಇತ್ತು. ಅಕಿ ಬಾಯಾಗಿಂದ ರಕ್ತ ಬರಾಕತ್ತಿತ್ತು, ನೀ ಎದುರಿಗೆ ಕುಂತು ಕೌದಿ ಹೊಲಿಯಾಕತ್ತಿದ್ದಿ.”

ನಾನು ಅಂಜಿದ್ದು, ನೀ ನನ್ನ ತಾಯಿಯಲ್ಲ ಎಂಬ ಮಾತಿಗೆ. ಅದನ್ನು ಅವಳು ಆಡಲೇ ಇಲ್ಲ.

“ಡಾಕ್ಟರ ಮುಂದ ನಿನ್ನ ರಕ್ತ ಗಟ್ಟಿ ಐತಿ ಅಂತ ನಾ ಹೊಗಳಾಕತ್ತಿದ್ದೆ. ಆವಾಗರೆ ಹೇಳಬೇಕಿಲ್ಲವಾ ಯವ್ವಾ?”

ಅವಳು ಯವ್ವಾ ಎಂದದ್ದು ಸಿಟ್ಟಿನಲ್ಲಿ, ರೂಢಿಯಿಂದ. ಆದರೂ ನನ್ನ ಎದೆ ಅದನ್ನು ಹಿಡಿದಿಟ್ಟುಕೊಂಡಿತು.

ಸುಟ್ಟ ರೊಟ್ಟಿಯನ್ನು ತೆಗೆದು ಹೊರಗಿಟ್ಟಳು. “ಈದಿಗೆ ಮೋರಟಗಿಗೆ ಹೋದಾಗ ಖಾಲಾ ನನಗ ಬಳಿ ಕೊಡ್ತಿದ್ಲು. ಕೈಯಾಗ ಕೊಡ್ತಿದ್ದಿಲ್ಲ. ಕಟ್ಟಿ ಮ್ಯಾಲೆ ಇಟ್ಟು, ತಗೋ ಅಂತಿದ್ಲು. ನನ್ನ ಕಂಡ್ರ ಆಕಿಗೆ ಹೇಸಿಕಿ ಅಂತ ತಿಳಕೊಂಡಿದ್ದೆ.” ಅಷ್ಟು ಹೇಳಿ ಮೂಗನ್ನು ತೋಳಿಗೆ ಒರೆಸಿಕೊಂಡಳು. ಮುಖಕ್ಕೆಲ್ಲ ಹಿಟ್ಟಾಯಿತು.

ಬಾಗಿಲಲ್ಲಿ ನಿಷತ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಹತ್ತಿಯನ್ನು ಒಂದು ದವಡೆಗೆ ಸರಿಸಿ ಕೇಳಿದಳು: “ಅಂದ್ರ ಜಹೀರ ನನ್ನ ಸ್ವಂತ ಸೋದರಮಾವನ ಮಗಾ? ಅದಕ್ಕ ಇಷ್ಟ ಹಕ್ಕಿಲೆ ಜಗಳಾಡ್ತಾನ.” ಯಾರೂ ನಗಲಿಲ್ಲ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. “ಕೂಸಿಗೆ ಏನರೆ ಆಗ್ತೈತೇನ ನಾನಿ?”

“ಗೊತ್ತಿಲ್ಲ ಬೇಟಾ,” ಎಂದೆ. ಬಹಳ ದಿನದ ಮೇಲೆ ನಾನು ಆ ಮನೆಯಲ್ಲಿ ಹೇಳಿದ ನಿಜ ಅದು.

ಗುಲನಾಜ ಕೈ ತೊಳೆದುಕೊಂಡು ಬಂದು ಪೆನ್ನು ಹುಡುಕಿದಳು. ನನ್ನ ಸಹಿಯ ಕೆಳಗೆ ತನ್ನದನ್ನು ಹಾಕಿದಳು. ಹಾಳೆಯ ಅಂಚಿನಲ್ಲಿ ಅವಳ ಹೆಬ್ಬೆರಳಿನ ಹಿಟ್ಟಿನ ಗುರುತು ಉಳಿಯಿತು. ಒರೆಸಲು ಹೋದಳು, ಹೋಗಲಿಲ್ಲ, ಬಿಟ್ಟಳು.

“ನಾ ಇಕಿನ್ನ ಕರಕೊಂಡು ಡಾಕ್ಟರ ಕಡೆ ಹೊಂಟೆ. ಇದನ್ನೆಲ್ಲಾ ಅವರ ಮುಂದ ಹೇಳ್ತೇನಿ. ಸುನಂದಾಗ ಫೋನೂ ಮಾಡ್ತೇನಿ. ನೀ ಅಂಚಿ ಮನಿಗೆ ಹೋಗು,” ಎಂದಳು, ನನ್ನ ಕಡೆ ನೋಡದೆ. “ಈಗ ಹೋಗು. ನಾಷ್ಟಾ ಆಮ್ಯಾಲೆ.”

ಬಾಗಿಲ ಹೊರಗೆ ಬಂದಾಗ ಹಿಂದಿನಿಂದ ಚಪ್ಪಲಿಯ ಸಪ್ಪಳ ಕೇಳಿದಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಂಚೆ ಕಚೇರಿಯಲ್ಲಿ ಗುರಲಿಂಗಪ್ಪ ಆಗ ತಾನೇ ಕಿಟಕಿ ತೆರೆದಿದ್ದ. ಲಕೋಟೆಯನ್ನು ತೂಕಕ್ಕಿಟ್ಟು, ಮೇಲಿನ ವಿಳಾಸ ಓದಿದ. “ಹೈದರಾಬಾದ. ಏನೈತ್ರಿ ಲಾಲಬೆಮ್ಮಾ ಒಳಗ?”

“ಕಾಗದಪ್ಪಾ. ಲಗೂ ಮುಟ್ಟಬೇಕು.”

“ಸ್ಪೀಡ್ ಪೋಸ್ಟ್ ಮಾಡ್ತೇನ್ರಿ. ಎರಡ ದಿನಾ, ಭಾಳಾದ್ರ ಮೂರ. ಮುಟ್ಟಿದ ಕೂಡ್ಲೆ ಮೆಸೇಜ್ ಬರ್ತೈತಿ. ಯಾವ ನಂಬರ ಹಾಕ್ಲಿ, ನಿಮ್ಮದ?”

ನನ್ನ ಫೋನು ಕೈಚೀಲದಲ್ಲೇ ಇತ್ತು. ಆದರೂ ಗುಲನಾಜಳ ನಂಬರು ಹೇಳಿದೆ. ಒಂದೊಂದೇ ಅಂಕಿ ಹೇಳುವಾಗ ಅವನು ಮತ್ತೆ ಮತ್ತೆ ಕೇಳಿದ.

“ಯಾರ್ರಿ ಇವರು? ಬರ್ಕೋಬೇಕು.”

“ಮಗಳು,” ಎಂದೆ.

ಅವನು ಬರೆದುಕೊಂಡು ಲಕೋಟೆಗೆ ಪಟ್ಟಿ ಅಂಟಿಸಿದ, ಮುದ್ರೆ ಒತ್ತಿದ, ಹಿಂದಿನ ಚೀಲದೊಳಗೆ ಹಾಕಿದ.